ತೋಟದ ರೈಲು ಆಚೆ ತಿರುವಿನಲ್ಲಿ ತೆವಳುತ್ತೆ, ಸಹಾಯ ಬೇಕು
ಎಲ್ಲರಿಗೂ ನಮಸ್ಕಾರ. ತೋಟದಲ್ಲಿ ಹಿತ್ತಾಳೆ ಹಳಿ ಹಾಕಿ ಜಿ ಸ್ಕೇಲ್ ಅನ್ನೋ ದೊಡ್ಡ ಅಳತೆಯ ಮಾದರಿ ರೈಲು ಓಡಿಸ್ತಿದೀನಿ. ಹಳಿಗಳ ನಡುವೆ 45 ಮಿ.ಮೀ., ಸುತ್ತು ಸುಮಾರು 30 ಮೀಟರ್, ಇಂಜಿನ್‌ಗೆ ಡಿಸಿ ಕರೆಂಟ್ ಹಳಿಯಿಂದಲೇ ಸಿಗೋದು. ಕಂಟ್ರೋಲರ್ ಹತ್ತಿರ ಚೆನ್ನಾಗೇ ಓಡುತ್ತೆ, ಆಚೆ ತಿರುವಿಗೆ ಹೋದ್ರೆ ತೆವಳುತ್ತೆ. ಮಳೆ ಬಂದ ಮೇಲಂತೂ ಅಲ್ಲೇ ನಿಂತುಬಿಡುತ್ತೆ.

ಹಳಿ ಉಜ್ಜಿ, ಚಕ್ರ ಒರೆಸಿ ಆಯ್ತು. ಏರು ಇದೆಯಾ ಅಂತ ರಸಮಟ್ಟ ಇಟ್ಟೂ ನೋಡಿದೆ, ಸಮವಾಗೇ ಇದೆ. ಮಲ್ಟಿಮೀಟರ್ ಹಿಡಿದಾಗ ಸುಳಿವು ಸಿಕ್ತು: ಇಂಜಿನ್ ಎತ್ತಿಟ್ರೆ ಎರಡೂ ಕಡೆ 18 ವೋಲ್ಟ್, ಓಡ್ತಿರುವಾಗ ಆಚೆ ತುದಿಯಲ್ಲಿ ಬರೀ 11. ಎರಡು ಹಳಿ ತುಂಡುಗಳನ್ನ ಸೇರಿಸೋ ಒಂದು ಜಾಯಿನರ್ ಬಿಚ್ಚಿದೆ, ಒಳಗೆಲ್ಲ ಹಸಿರು ಕಿಲುಬು. ತಡೆ ಇರೋದು ಅಲ್ಲೇ ಅನ್ಸುತ್ತೆ.

ಹಳಿಗಳನ್ನ ಒಂದಕ್ಕೊಂದು ಬೆಸುಗೆ ಹಾಕೋಕೆ ಮನಸ್ಸಿಲ್ಲ. ಬಿಸಿಲಿಗೆ ಹಿತ್ತಾಳೆ ಹಿಗ್ಗುತ್ತೆ, ಸಂದಿ ಬಿಡದಿದ್ರೆ ಹಳಿ ಸೊಟ್ಟಗಾಗುತ್ತೆ.

ಈಗ ಗೊಂದಲ ಇಷ್ಟೇ: ಕಂಟ್ರೋಲರ್‌ನಿಂದ ಆಚೆ ತುದಿಗೆ ದಪ್ಪ ತಾಮ್ರದ ವೈರ್ ಎಳೆದು ಅಲ್ಲೂ ಕರೆಂಟ್ ಕೊಟ್ರೆ ಸಾಕಾ, ಇಲ್ಲಾ ಪ್ರತಿ ಜಾಯಿಂಟಿಗೂ ಸ್ಕ್ರೂ ಕ್ಲ್ಯಾಂಪ್ ಹಾಕಲೇಬೇಕಾ? ವೈರ್ ಸಾಕು ಅಂದ್ರೆ ಎಷ್ಟು ಚದರ ಮಿ.ಮೀ.ದು ತಗೋಬೇಕು, ಎಷ್ಟು ಮೀಟರಿಗೊಂದು ಕಡೆ ಹಳಿಗೆ ಜೋಡಿಸಬೇಕು? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.