ಅಜ್ಜಿಯ ಹಾಡಿನ ಕೆಳಗೆ ‘ಅನಾನಿಮಸ್’ ಅಂತ ಹಾಕಬಹುದಾ?

ಜೋಳದ ತೆನೆ (ಪ್ರಶ್ನೆ):
ನಮ್ಮಜ್ಜಿ ಬೀಸುವಾಗ ಹಾಡುತ್ತಿದ್ದ ತ್ರಿಪದಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಒಟ್ಟು 64. ನಮ್ಮೂರು ಇಂಡಿ ತಾಲ್ಲೂಕು. ಅಣ್ಣನ ಮಕ್ಕಳು ಅಮೆರಿಕದಲ್ಲೇ ಬೆಳೆದವರು, ಕನ್ನಡ ಓದಲು ಬರುವುದಿಲ್ಲ. ಅವರಿಗಾಗಿ ಪಕ್ಕದಲ್ಲಿ ಇಂಗ್ಲಿಷ್ ಹಾಕಿ ಪುಟ್ಟ ಪುಸ್ತಕ ಮಾಡುತ್ತಿದ್ದೇವೆ. ಅಣ್ಣ ಪ್ರತಿ ಹಾಡಿನ ಕೆಳಗೂ ‘ಅನಾನಿಮಸ್’ ಅಂತ ಟೈಪ್ ಮಾಡಿ ಕಳಿಸಿದ್ದಾನೆ. ನೋಡಿದ ಕೂಡಲೇ ಕಸಿವಿಸಿ ಆಯಿತು.

ನಿಘಂಟಿನಲ್ಲಿ ‘ಹೆಸರಿಲ್ಲದ, ಅನಾಮಧೇಯ, ಅಜ್ಞಾತ’ ಅಂತಿದೆ. ಆದರೆ ಅಜ್ಜಿಗೆ ಹೆಸರಿತ್ತಲ್ವಾ! ಅವಳು ಹಾಡನ್ನು ಬಾಯಿಪಾಠ ಒಪ್ಪಿಸುತ್ತಿರಲಿಲ್ಲ. ಒಂದು ಹಾಡಿನ ಮೂರನೇ ಸಾಲಿಗೆ ಬಂದಾಗ ಕೈ ನಿಧಾನ ಮಾಡಿ, ಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ ಹಾಕಿ, ಅಲ್ಲಿ ತನ್ನ ತಮ್ಮನ ಹೆಸರು ಸೇರಿಸಿ ಹಾಡುತ್ತಿದ್ದಳು. ಆ ತಮ್ಮ ತೀರಿಕೊಂಡ ಮೇಲೆ ಆ ಜಾಗ ಬಂದಾಗ ಹೆಸರು ಹೇಳುತ್ತಿರಲಿಲ್ಲ. ಸುಮ್ನೆ ಒಂದು ಸುತ್ತು ಬೀಸಿ ಮುಂದೆ ಹೋಗುತ್ತಿದ್ದಳು.

ಇಂಥವಳನ್ನು ಅನಾನಿಮಸ್ ಅನ್ನಬಹುದಾ? ಆ ಪದವನ್ನು ಎಲ್ಲಿ ಬಳಸುತ್ತಾರೆ, ಎಲ್ಲಿ ಬಳಸುವುದಿಲ್ಲ? ಗೊತ್ತಿದ್ದವರು ಹೇಳಿ.

ಹಳೇ ಗುಮಾಸ್ತ:
ತಂಗಿ, ನಾನು ಕಚೇರಿಯಲ್ಲಿ ಕಂಡದ್ದು ಹೇಳುತ್ತೇನೆ. ಅನಾನಿಮಸ್ ಪತ್ರಕ್ಕೆ ನಮ್ಮಲ್ಲಿ ‘ಮೂಗರ್ಜಿ’ ಅಂತಾರೆ. ಬರೆದವನಿಗೆ ಹೆಸರಿದೆ, ಬೇಕಂತಲೇ ಹಾಕಿಲ್ಲ. ಸುಳ್ಳು ಹೆಸರು ಹಾಕಿದ್ದರೆ ಅದು ‘ಸ್ಯೂಡಾನಿಮಸ್’. ಸುತ್ತೋಲೆಗಳಲ್ಲಿ ಎರಡೂ ಪದ ಜೋಡಿಯಾಗಿಯೇ ಬರುತ್ತವೆ. ಇಂಥ ಅರ್ಜಿಗಳ ಮೇಲೆ ಕ್ರಮ ಬೇಡ ಅಂತ ಕೇಂದ್ರ ಜಾಗೃತ ಆಯೋಗ 1999ರಲ್ಲೇ ಹೇಳಿದೆ. ಒಳ್ಳೆಯ ಕೆಲಸಕ್ಕೂ ಈ ಪದ ಹೊಂದುತ್ತದೆ. ಗುಪ್ತದಾನ ಕೊಟ್ಟವರೂ ಅನಾನಿಮಸ್ಸೇ. ಆದರೆ ನಿಮ್ಮಜ್ಜಿ ಏನನ್ನೂ ಮುಚ್ಚಿಡಲಿಲ್ಲವಲ್ಲ.

ಇಂಗ್ಲಿಷ್ ಮೇಷ್ಟ್ರು:
ಗ್ರೀಕ್ ಮೂಲದ ಪದ ಇದು. ಅದರೊಳಗಿನ ‘ಹೆಸರು’ ಎಂಬ ಭಾಗವೂ ನಮ್ಮ ‘ನಾಮ’ವೂ ಒಂದೇ ಬೇರಿನವು. ಮುಚ್ಚಿಟ್ಟ ಹೆಸರಿಗೆ ಮಾತ್ರ ಅಲ್ಲ, ಮರೆತುಹೋದ ಹೆಸರಿಗೂ ಅನಾನಿಮಸ್ ಅಂತಾರೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ನೋಡಿ. ಸುಮಾರು 700ರ ಕಾಲದ್ದು, ಅದರಲ್ಲೂ ತ್ರಿಪದಿ ಇದೆ. ಅರಭಟ್ಟನ ಹೆಸರು ಬಂಡೆಯ ಮೇಲೆ ಉಳಿಯಿತು, ಪದ್ಯ ಕಟ್ಟಿದ ಕವಿಯ ಹೆಸರು ಉಳಿಯಲಿಲ್ಲ. ಆ ಕವಿಗೆ ಅನಾನಿಮಸ್ ಅನ್ನುವುದು ಸರಿ.

ಇನ್ನೊಂದು ಅರ್ಥವೂ ಇದೆ. ತನ್ನದೇ ಗುರುತು ಅಂತ ಏನೂ ಇಲ್ಲದ್ದು. ಯಾವ ಊರಿನಲ್ಲಾದರೂ ಇರಬಹುದಾದ ಲಾಡ್ಜ್ ರೂಮು, ಬಿಳಿ ಗೋಡೆ, ಟ್ಯೂಬ್‌ಲೈಟು. ಅದನ್ನೂ ಅನಾನಿಮಸ್ ಅಂತಾರೆ. ನಿಮಗೆ ಕಸಿವಿಸಿ ಆಗಿದ್ದು ಈ ಅರ್ಥದ ನೆರಳಿಂದ ಅನಿಸುತ್ತದೆ.

ಹಲವರ ಬಾಯಲ್ಲಿ ತಲೆಮಾರುಗಟ್ಟಲೆ ಬೆಳೆದ ಹಾಡಿಗೆ ಇಂಗ್ಲಿಷಿನಲ್ಲಿ ‘ಟ್ರೆಡಿಷನಲ್’ ಅಂತ ಬರೆಯುತ್ತಾರೆ. ಅದೇ ಹಾಕಿ. ನಿಮ್ಮ ಕಡೆಯವರೇ ಆದ ಹಲಸಂಗಿ ಗೆಳೆಯರು 1931ರಲ್ಲಿ ಇಂಥ ಹಾಡುಗಳನ್ನು ಅಚ್ಚು ಹಾಕಿಸಿದಾಗ ಪುಸ್ತಕಕ್ಕೆ ‘ಗರತಿಯ ಹಾಡು’ ಅಂತ ಹೆಸರಿಟ್ಟರು. ಒಬ್ಬೊಬ್ಬಳ ಹೆಸರು ಹೇಳಲಾಗದಿದ್ದರೂ ಹಾಡು ಯಾರದ್ದು ಅನ್ನುವುದನ್ನು ಬಿಡಲಿಲ್ಲ. ನನಗೆ ಅದು ಬಹಳ ದೊಡ್ಡ ವಿಷಯ.

(ನನ್ನ ವಿದ್ಯಾರ್ಥಿಗಳು ಜಾಸ್ತಿ ಎಡವುವುದು ‘ಯುನಾನಿಮಸ್’ ಜೊತೆ. ಅದು ಸರ್ವಾನುಮತ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ.)

ಜೋಳದ ತೆನೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಸರ್. ರಾತ್ರಿ ಅಣ್ಣನಿಗೆ ಫೋನ್ ಮಾಡಿ ಇದನ್ನೆಲ್ಲ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ 64 ಕಡೆಯೂ ತಾನೇ ತಿದ್ದುತ್ತೇನೆ ಅಂದ. ಈಗ ‘ಟ್ರೆಡಿಷನಲ್’ ಅಂತ ಹಾಕಿ, ಕೆಳಗೆ ‘ಹಾಡಿದವರು’ ಅಂತ ಅಜ್ಜಿಯ ಹೆಸರು, ಅವಳ ತವರೂರು ಬರೆಯುತ್ತೇವೆ.

ಒಂದು ಕಡೆ ಮಾತ್ರ ತಿಳಿಯುತ್ತಿಲ್ಲ. ಆ ತಮ್ಮನ ಹಾಡಿನಲ್ಲಿ ಹೆಸರು ಹಾಕಲಾ, ಜಾಗ ಖಾಲಿ ಬಿಡಲಾ?

ಹಳೇ ಗುಮಾಸ್ತ:
ಹೆಸರು ಹಾಕಿ ತಂಗಿ. ಅಜ್ಜಿ ಮೊದಲು ಹಾಡಿದ್ದು ಹಾಗೇ ಅಲ್ವಾ.