4ನೇ ಕ್ರಾಸ್ ಜನರೇಟರ್ ಸದ್ದು: ಭಾನುವಾರ ಎಲ್ಲರೂ ಬನ್ನಿ

ಮೂಲೆ ಮನೆ, 4ನೇ ಕ್ರಾಸ್:
ಎಲ್ಲರಿಗೂ ನಮಸ್ಕಾರ. ನಿನ್ನೆ ಮತ್ತೆ ಕರೆಂಟ್ ಹೋಯ್ತು. ನಮ್ಮ ಮನೆ ಹಿಂದಿರುವ ಕಾಂಪ್ಲೆಕ್ಸಿನ ಜನರೇಟರ್ ರಾತ್ರಿ ಹನ್ನೊಂದರಿಂದ ಒಂದೂವರೆವರೆಗೂ ಓಡಿತು. ನಮ್ಮ ಅಡುಗೆಮನೆ ಶೆಲ್ಫಿನಲ್ಲಿ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಗಿಣಗಿಣ ಅನ್ನುತ್ತಿದ್ದವು. ಮಗಳಿಗೆ ಸೆಕೆಂಡ್ ಪಿಯು ಪರೀಕ್ಷೆ, ಕಿವಿಗೆ ಹತ್ತಿ ಇಟ್ಟುಕೊಂಡು ಓದುತ್ತಿದ್ದಳು. ನೋಡಿ ಹೊಟ್ಟೆ ಉರಿಯಿತು.

ಬೆಳಿಗ್ಗೆ ನಾನೇ ಹೋಗಿ ನೋಡಿದೆ. ಜನರೇಟರ್‌ಗೆ ಸದ್ದು ತಡೆಯುವ ಕ್ಯಾನಪಿ, ಅಂದರೆ ಸುತ್ತ ಮುಚ್ಚುವ ಪೆಟ್ಟಿಗೆ ಇದೆ, ಒಳಗೆ ಫೋಮ್ ಕೂಡ ಇದೆ, ಆದರೆ ಎರಡೂ ಬಾಗಿಲು ಪೂರ್ತಿ ತೆಗೆದು ಇಟ್ಟಿಗೆ ಒತ್ತು ಕೊಟ್ಟಿದ್ದಾರೆ. ಕೇಳಿದ್ದಕ್ಕೆ ಅಲ್ಲಿನ ಹುಡುಗ, "ಬಾಗಿಲು ಹಾಕಿದ್ರೆ ಬಿಸಿಯಾಗಿ ಆಫ್ ಆಗುತ್ತೆ ಅಣ್ಣ" ಅಂದ. ಪಾಪ, ಅವನ ತಪ್ಪಲ್ಲ. ಬಿಸಿ ಗಾಳಿ ಹೊರಗೆ ಹೋಗುವ ಕಡೆ ರಟ್ಟಿನ ಡಬ್ಬ ಒಟ್ಟಿದ್ದಾರೆ, ರೇಡಿಯೇಟರ್ ತುಂಬಾ ಧೂಳು. ಅದನ್ನು ತೆಗೆದರೆ ಬಾಗಿಲು ಹಾಕಬಹುದು ಅಲ್ವಾ?

ಮೊದಲ ಮಹಡಿ, ಬೇವಿನ ಮರದ ಎದುರು ಮನೆ:
ಅಣ್ಣ, ನಮಗೆ ಸದ್ದಿನ ಜೊತೆ ಹೊಗೆನೂ ಇದೆ. ಪೈಪ್ ಸೀದಾ ನಮ್ಮ ಬಾಲ್ಕನಿ ಮಟ್ಟಕ್ಕೇ ಬಂದು ನಿಂತಿದೆ. ಒಗೆದು ಹಾಕಿದ ಬಟ್ಟೆಯೆಲ್ಲ ಡೀಸೆಲ್ ವಾಸನೆ. ಹೋದ ವಾರ 112ಕ್ಕೆ ಫೋನ್ ಮಾಡಿದೆ, ಅವರು ಬರುವಷ್ಟರಲ್ಲಿ ಕರೆಂಟ್ ಬಂದಿತ್ತು.

ರಿಟೈರ್ಡ್ ಎಲೆಕ್ಟ್ರಿಕಲ್ ಇಂಜಿನಿಯರ್, 3ನೇ ಕ್ರಾಸ್:
ನಿಯಮ ನಮ್ಮ ಕಡೆಗಿದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. 2005ರಿಂದ ಈಚೆಗೆ ತಯಾರಾದ, 1000 ಕೆವಿಎ (ಜನರೇಟರ್ ಸಾಮರ್ಥ್ಯದ ಅಳತೆ) ವರೆಗಿನ ಡೀಸೆಲ್ ಜನರೇಟರ್ ಆದರೆ ಕ್ಯಾನಪಿಯಿಂದ 1 ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದು. ಆ ಲೆಕ್ಕ ಬಾಗಿಲು ಹಾಕಿದ್ದಾಗ ಮಾತ್ರ. ತೆಗೆದಿಟ್ಟರೆ ಕ್ಯಾನಪಿ ಇದ್ದೂ ಇಲ್ಲದ ಹಾಗೆ.

ಹೊಗೆ ಪೈಪಿಗೂ ಲೆಕ್ಕ ಇದೆ. ಕೆವಿಎಯ ವರ್ಗಮೂಲವನ್ನು 0.2ರಿಂದ ಗುಣಿಸಿ, ಅಷ್ಟು ಮೀಟರ್ ಕಟ್ಟಡಕ್ಕಿಂತ ಮೇಲೆ ಹೋಗಬೇಕು. ಇದು 62.5 ಕೆವಿಎ ಆಗಿದ್ದರೆ ಸುಮಾರು 1.6 ಮೀಟರ್. ಜನರೇಟರ್ ಪ್ಲೇಟ್ ಮೇಲೆ ಎಷ್ಟು ಕೆವಿಎ ಬರೆದಿದೆ, ಯಾವ ವರ್ಷ ಅಂತ ಫೋಟೋ ತೆಗೆದು ಹಾಕಿ. ಲೋಟ ಅಲುಗುತ್ತಿದ್ದರೆ ಅದು ನೆಲದಿಂದ ಬರುವ ನಡುಕ, ಅಡಿಯ ರಬ್ಬರ್ ಪ್ಯಾಡ್ ಹೋಗಿರಬೇಕು.

2ನೇ ಕ್ರಾಸ್, ಹಾಲಿನ ಬೂತ್ ಪಕ್ಕದ ಮನೆ:
ಸುಮ್ನೆ ಮಾತಾಡಿ ಏನು ಪ್ರಯೋಜನ ಸರ್, ನೇರ ಕಂಪ್ಲೇಂಟ್ ಕೊಡೋಣ.

ಮೂಲೆ ಮನೆ, 4ನೇ ಕ್ರಾಸ್:
ಕೊಡೋಣ, ಆದರೆ ಮೊದಲು ಮಾಲೀಕರನ್ನು ಕಾಣೋಣ. ಅಲ್ಲಿ ಕ್ಲಿನಿಕ್ ಇದೆ, ಔಷಧಿ ಅಂಗಡಿ ಫ್ರಿಜ್ ಇದೆ, ಜನರೇಟರ್ ನಿಲ್ಲಿಸಿ ಅಂತ ನಾವು ಕೇಳುತ್ತಿಲ್ಲ. ಬಾಗಿಲು ಹಾಕಲಿ, ಡಬ್ಬ ತೆಗೆಯಲಿ, ಪ್ಯಾಡ್ ಬದಲಿಸಲಿ, ಪೈಪ್ ಎತ್ತರಿಸಲಿ. ಹದಿನೈದು ದಿನ ಟೈಮ್ ಕೊಟ್ಟು ಪತ್ರ ಕೊಡೋಣ, ಅವರಿಂದ ಸಹಿ ತಗೊಳ್ಳೋಣ. ಆಗಲೂ ಮಾಡದಿದ್ದರೆ ಅದೇ ಪತ್ರ ಇಟ್ಟುಕೊಂಡು ಪೊಲೀಸ್ ಠಾಣೆಗೂ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಹೋಗೋಣ. ಅಲ್ಲಿಯವರೆಗೆ ಜನರೇಟರ್ ಓಡಿದಾಗಲೆಲ್ಲ ತಾರೀಖು, ಶುರುವಾದ ಹೊತ್ತು, ನಿಂತ ಹೊತ್ತು ಇಲ್ಲೇ ಬರೆಯಿರಿ. ಮೊಬೈಲ್ ಆ್ಯಪಿನ ಡೆಸಿಬಲ್ ನಮ್ಮ ಅಂದಾಜಿಗೆ ಸಾಕು, ಸರಿಯಾಗಿ ಅಳೆಯುವುದಕ್ಕೆ ಮಂಡಳಿಯವರೇ ಬರಬೇಕು.

ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಮನೆ ಗೇಟ್ ಹತ್ತಿರ ಸೇರೋಣ. ಒಂದು ಮನೆಯಿಂದ ಒಬ್ಬರಾದರೂ ಬನ್ನಿ.

ಮೊದಲ ಮಹಡಿ, ಬೇವಿನ ಮರದ ಎದುರು ಮನೆ:
ನಾನು, ನಮ್ಮ ಅತ್ತೆ ಇಬ್ಬರೂ ಬರುತ್ತೇವೆ. ಹೊಗೆಯ ವಿಡಿಯೋನೂ ತರುತ್ತೇನೆ.