‘ತೇಲುವ ಮೋಟಾರು’ ಅನ್ನಬಹುದೇ? ಬೇರಿಂಗ್‌ಲೆಸ್ ಮೋಟಾರಿಗೆ ಕನ್ನಡದ ಮಾತು ಬೇಕು

ಗೆಳೆಯರೇ, ನಮಸ್ಕಾರ.

ಡಿಪ್ಲೊಮಾ ಓದುವ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಎಲ್ಲೂ ತಾಗದೆ, ಬರೀ ಕಾಂತದ ಬಲದಲ್ಲಿ ನಿಂತು ತಿರುಗುವ ಮೋಟಾರಿನ ಬಗ್ಗೆ. ಇಂಗ್ಲಿಷಿನವರು ಮ್ಯಾಗ್ನೆಟಿಕಲಿ ಲೆವಿಟೇಟೆಡ್ ಮೋಟಾರ್ ಅಂತಲೂ ಬೇರಿಂಗ್‌ಲೆಸ್ ಮೋಟಾರ್ ಅಂತಲೂ ಕರೆಯುತ್ತಾರೆ. ಕನ್ನಡದಲ್ಲಿ ಹೇಳಹೊರಟರೆ ಮೂರು ಕಡೆ ಪದ ಕೈಕೊಡುತ್ತಿದೆ. ನಿಮ್ಮ ನೆರವು ಬೇಕು.

ಮೊದಲನೆಯದು ‘ತೇಲು’. ಕರಡಿನಲ್ಲಿ ಹಾರ್ಟ್‌ಮೇಟ್ 3 ಎಂಬ ರಕ್ತದ ಪಂಪನ್ನು ಉದಾಹರಣೆಗೆ ತೆಗೆದುಕೊಂಡಿದ್ದೆ. ಸೋತ ಹೃದಯಕ್ಕೆ ನೆರವಾಗಲು ಎದೆಯೊಳಗೆ ಕೂರಿಸುವ ಪಂಪು ಅದು. ಅಮೆರಿಕದಲ್ಲಿ 2017ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಒಳಗಿನ ಚಕ್ರ ನಿಮಿಷಕ್ಕೆ 3000ದಿಂದ 9000 ಸುತ್ತು ತಿರುಗಬಲ್ಲದು. ‘ಈ ಚಕ್ರ ರಕ್ತದಲ್ಲಿ ತೇಲುತ್ತಾ ತಿರುಗುತ್ತದೆ’ ಎಂದು ಬರೆದು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ತೇಲೋದಾದ್ರೆ, ಆ ಮನುಷ್ಯ ಮಗ್ಗುಲಾದಾಗ ಅದು ವಾಲಲ್ವಾ?”

ಆ ಪ್ರಶ್ನೆ ಹುಟ್ಟಿದ್ದು ನನ್ನ ಪದದಿಂದ. ‘ತೇಲು’ ಎಂದರೆ ನಮ್ಮ ಮನಸ್ಸಿಗೆ ಬರುವುದು ನೀರಿನ ಮೇಲಿನ ತೆಂಗಿನಕಾಯಿ. ಅದನ್ನು ಯಾರೂ ಹಿಡಿದಿರುವುದಿಲ್ಲ. ಅದುಮಿದರೂ ತಾನಾಗಿ ಮೇಲೆ ಬರುತ್ತದೆ. ಸೂಜಿಗಲ್ಲಿನ ಕಥೆ ಹಾಗಲ್ಲ. ಅದರ ಹತ್ತಿರ ಹೋದಷ್ಟೂ ಸೆಳೆತ ಜಾಸ್ತಿ. ರೋಟರ್, ಅಂದರೆ ಮೋಟಾರಿನ ತಿರುಗುವ ಭಾಗ, ಕೂದಲೆಳೆಯಷ್ಟು ಬಲಕ್ಕೆ ಸರಿದರೆ ಬಲಗಡೆಯ ಸೆಳೆತ ಹೆಚ್ಚುತ್ತದೆ, ಇನ್ನಷ್ಟು ಸರಿಯುತ್ತದೆ, ಕೊನೆಗೆ ಹೋಗಿ ಅಂಟಿಕೊಳ್ಳುತ್ತದೆ. ಬರೀ ಶಾಶ್ವತ ಕಾಂತಗಳನ್ನು ಹೇಗೆ ಜೋಡಿಸಿದರೂ ಒಂದು ಕಾಂತವನ್ನು ಎಲ್ಲ ದಿಕ್ಕಿನಲ್ಲೂ ಅಲುಗದಂತೆ ನಿಲ್ಲಿಸಲು ಆಗದು. ಈ ಮಾತಿಗೆ ಬುಡ ಇಂಗ್ಲೆಂಡಿನ ಗಣಿತಜ್ಞ ಸ್ಯಾಮ್ಯುಯೆಲ್ ಅರ್ನ್‌ಷಾ 1842ರಲ್ಲಿ ತೋರಿಸಿಕೊಟ್ಟ ನಿಯಮ.

ಹಾಗಾದರೆ ಮೋಟಾರು ನಿಲ್ಲುವುದು ಹೇಗೆ? 1990ರ ದಶಕದಲ್ಲಿ ಜೂರಿಕ್‌ನ ಇಟಿಎಚ್ ಎಂಬ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಬೆಳೆದ ಒಂದು ವಿನ್ಯಾಸ ನನಗೆ ತುಂಬಾ ಇಷ್ಟ. ರೋಟರನ್ನು ಬಿಲ್ಲೆಯ ಹಾಗೆ ತೆಳ್ಳಗೆ ಮಾಡುತ್ತಾರೆ. ಸುತ್ತಲೂ ಸ್ಟೇಟರ್, ಅಂದರೆ ತಿರುಗದೆ ನಿಂತಿರುವ, ಕಾಯಿಲುಗಳಿರುವ ಭಾಗ. ಬಿಲ್ಲೆ ಮೇಲೆ ಕೆಳಗೆ ಸರಿದರೆ, ಇಲ್ಲವೇ ಓರೆಯಾದರೆ, ಕಾಂತದ ಸೆಳೆತವೇ ಅದನ್ನು ನಡುವಿಗೆ ಎಳೆಯುತ್ತದೆ. ಅಲ್ಲಿ ಯಾವ ಕಾವಲೂ ಬೇಡ. ತೊಂದರೆ ಇರುವುದು ಅಕ್ಕಪಕ್ಕಕ್ಕೆ ಸರಿಯುವುದರಲ್ಲಿ ಮಾತ್ರ. ಅದಕ್ಕೆ ಸೆನ್ಸರ್ ಇಟ್ಟು, ಸೆಕೆಂಡಿಗೆ ಸಾವಿರಾರು ಸಲ ಜಾಗ ಅಳೆದು, ಕಾಯಿಲಿನ ಕರೆಂಟನ್ನು ತಿದ್ದುತ್ತಾರೆ. ತಿರುಗಿಸುವ ವೈಂಡಿಂಗ್ (ತಂತಿಯ ಸುತ್ತು) ಮತ್ತು ಹಿಡಿದು ನಿಲ್ಲಿಸುವ ವೈಂಡಿಂಗ್‌ಗಳ ಧ್ರುವಜೋಡಿಗಳ, ಅಂದರೆ ಉತ್ತರ-ದಕ್ಷಿಣ ಧ್ರುವಗಳ ಜೋಡಿಗಳ, ಎಣಿಕೆಯಲ್ಲಿ ಒಂದರ ವ್ಯತ್ಯಾಸ ಇರಬೇಕು. ಹಾಗಿದ್ದರೆ ಒಂದು ಮಗ್ಗುಲಲ್ಲಿ ಎರಡು ಕಾಂತಕ್ಷೇತ್ರಗಳು ಕೂಡುತ್ತವೆ, ಎದುರು ಮಗ್ಗುಲಲ್ಲಿ ಕಳೆಯುತ್ತವೆ. ಆ ವ್ಯತ್ಯಾಸವೇ ಪಕ್ಕಕ್ಕೆ ಎಳೆಯುವ ಬಲ. ಹಾರ್ಟ್‌ಮೇಟ್ 3ರಲ್ಲೂ ಹೀಗೆಯೇ: ಪಕ್ಕದ ಅಲುಗಾಟಕ್ಕೆ ಕಾವಲು, ಉಳಿದದ್ದಕ್ಕೆ ಕಾಂತದ್ದೇ ಸೆಳೆತ. ರೋಗಿ ಯಾವ ಮಗ್ಗುಲಾದರೂ ಚಕ್ರ ನಡುವಿನಲ್ಲೇ ಇರುತ್ತದೆ.

ಹೀಗೆ ಕ್ಷಣಕ್ಷಣವೂ ಹಿಡಿದು ನಿಲ್ಲಿಸಿದ್ದನ್ನು ‘ತೇಲುತ್ತದೆ’ ಅಂದರೆ ಹಿಡಿದ ಕೈಯೇ ಮರೆಯಾಗುತ್ತದೆ. ‘ಬೇರಿಂಗ್‌ಲೆಸ್’ ಎಂಬ ಮಾತಿನಲ್ಲೂ ಇದೇ ಕುಂದು. ಬೇರಿಂಗ್ ಎಂಬ ಬಿಡಿಭಾಗ ಇಲ್ಲ, ನಿಜ. ಆದರೆ ಹೊರುವ ಕೆಲಸ ಎಲ್ಲೂ ಹೋಗಿಲ್ಲ, ಮೋಟಾರೇ ಅದನ್ನು ಮಾಡುತ್ತಿದೆ. ಅದಕ್ಕೇ ಕೆಲವರು ‘ಸೆಲ್ಫ್ ಬೇರಿಂಗ್’ ಅನ್ನುತ್ತಾರೆ. ನನಗೆ ಹೊಳೆದ ಪದ ‘ಆಸರೆ’. ಬಳ್ಳಿಗೆ ಮರ ಆಸರೆ, ಮುದುಕರಿಗೆ ಕೋಲು ಆಸರೆ. ‘ಕಾಂತದ ಆಸರೆಯ ಮೋಟಾರು’ ಅಂದರೆ ಹೇಗೆ? ಗ್ಯಾರೇಜಿನಲ್ಲಿ ‘ಬೇರಿಂಗ್ ಹೋಗಿದೆ’ ಅನ್ನುವುದನ್ನು ನಾನು ಬದಲಿಸಹೊರಟಿಲ್ಲ. ಬೇರಿಂಗ್ ಆಗಲೇ ಕನ್ನಡದ ಪದ.

ಎರಡನೆಯದು ‘ಸ್ಪರ್ಶರಹಿತ’. ನಮ್ಮಲ್ಲಿ ಮುಟ್ಟು, ತಾಗು, ಸೋಕು ಮೂರೂ ಇರುವಾಗ ಇದೇಕೆ? ಮುಟ್ಟುವುದು ಬೇಕೆಂದೇ ಮಾಡುವುದು. ತಾಗುವುದು ಅರಿವಿಲ್ಲದೆ ಆಗುವುದು. ಹಾಗಾಗಿ ಕರೆಂಟು ಹೋಗಿ ರೋಟರ್ ಗೋಡೆಗೆ ಬಡಿದರೆ ‘ತಾಗಿತು’ ಸರಿ. ಆದರೆ ನನಗೆ ಇಷ್ಟವಾದದ್ದು ‘ಸೋಂಕು’. ಅದಕ್ಕೆ ಮುಟ್ಟುವುದು ಎಂಬ ಅರ್ಥವೂ ಇದೆ, ರೋಗ ಹರಡುವುದು ಎಂಬ ಅರ್ಥವೂ ಇದೆ. ಔಷಧಿ ಕಾರ್ಖಾನೆಗಳಲ್ಲಿ, ಚಿಪ್ ತಯಾರಿಸುವ ಕಡೆ ಈ ಮೋಟಾರಿನ ಪಂಪು ಬಳಸುವುದು ಇದೇ ಕಾರಣಕ್ಕೆ. ಒಂದಕ್ಕೊಂದು ಉಜ್ಜುವ ಭಾಗಗಳಿದ್ದರೆ ಪುಡಿ ಉದುರುತ್ತದೆ, ದ್ರವ ಕೆಡುತ್ತದೆ. ರಕ್ತದ ವಿಷಯ ಇನ್ನೂ ಸೂಕ್ಷ್ಮ. ಹಿಂದಿನ ಹಾರ್ಟ್‌ಮೇಟ್ 2ರ ಮಾಣಿಕ್ಯದ ಬೇರಿಂಗ್ ರಕ್ತದಲ್ಲೇ ಮುಳುಗಿರುತ್ತಿತ್ತು. ಎರಡನ್ನೂ ಹೋಲಿಸಿದ ದೊಡ್ಡ ಅಧ್ಯಯನದ 2019ರ ವರದಿಯಂತೆ ಎರಡು ವರ್ಷದಲ್ಲಿ ಪಂಪು ಬದಲಿಸಬೇಕಾಗಿ ಬಂದದ್ದು ಹಳೆಯದರಲ್ಲಿ ಶೇ. 11.3 ಜನರಿಗೆ, ಹೊಸದರಲ್ಲಿ ಶೇ. 2.3 ಜನರಿಗೆ. ‘ಸೋಕದೆ ತಿರುಗುವ ಚಕ್ರ’ ಎಂದು ಬರೆದರೆ ಈ ಎರಡೂ ಅರ್ಥ ಒಟ್ಟಿಗೆ ಬರುತ್ತವೆ, ಅಲ್ವಾ?

ಮೂರನೆಯದು ‘ಸ್ಥಿರ’. ‘ಸ್ಥಿರವಾಗಿ ತಿರುಗುತ್ತದೆ’ ಎಂದು ಬರೆದರೆ ಮಕ್ಕಳು ಗೊಂದಲಪಡುತ್ತಾರೆ. ನಿಂತಿದೆಯೋ, ತಿರುಗುತ್ತಿದೆಯೋ? ಇಲ್ಲಿ ಹೇಳಬೇಕಾದದ್ದು ನಿಂತಿರುವುದನ್ನಲ್ಲ, ಸರಿದರೂ ಮತ್ತೆ ತನ್ನ ಜಾಗಕ್ಕೆ ಬರುವುದನ್ನು. ಸದ್ಯಕ್ಕೆ ‘ನೆಲೆಗೆ ಮರಳುವ’ ಎಂದು ಬರೆದುಕೊಂಡಿದ್ದೇನೆ. ಸ್ವಲ್ಪ ಉದ್ದವಾಯಿತು.

ಹಳ್ಳಿಯಲ್ಲಿ ಗಾಡಿ ಹೂಡಿದವರು, ಗಾಣ ನಡೆಸಿದವರು, ತಿಗರಿ ತಿರುಗಿಸಿದವರು ನಿಮ್ಮ ಮನೆಗಳಲ್ಲಿ ಇರಬಹುದು. ಗಾಲಿ ಓಲಾಡದೆ ಹದವಾಗಿ ತಿರುಗಿದಾಗ ಅವರು ಏನನ್ನುತ್ತಿದ್ದರು? ಒಂದೇ ಪದ ಸಿಕ್ಕರೂ ಸಾಕು, ಊರಿನ ಹೆಸರಿನ ಜೊತೆ ತಿಳಿಸಿ.